ನಂದಲ್ಲ ಅಂದವರ ಕೋವಿ

"ಯಾರು ಕೇಳಿದ್ರೂ ನಂದೇ ಅನ್ಬೇಕು ನೋಡಪ್ಪ. ಪೊಲೀಸ್ರು ಕೇಳ್ಲಿ, ಹೆಂಡ್ತಿ ಕೇಳ್ಲಿ, ದಾರಿಲಿ ಹೋಗೋರು ಕೇಳ್ಲಿ. ನಂದಲ್ಲ ಅನ್ನೋ ಮಾತು ಮಾತ್ರ ಬಾಯಿಂದ ಬರ್ಬಾರ್ದು."

ಕಾರಿನ ಡಿಕ್ಕಿಯ ಪಕ್ಕ ನಿಂತು ವಸಂತಮ್ಮ ಈ ಮಾತು ಹೇಳುವಾಗ ಕೋವಿ ಆಗಲೇ ಗೋಣಿತಾಟು ಸುತ್ತಿಸಿಕೊಂಡು ಡಿಕ್ಕಿಯಲ್ಲಿ ಮಲಗಿತ್ತು. ಷಡಕ್ಷರಿಗೆ ನಗು ತಡೆಯಲಾಗಲಿಲ್ಲ.

"ಅಲ್ಲಮ್ಮಾ, ಪೊಲೀಸ್ರ ಮುಂದೆ ನಂದೇ ಅಂದ್ರೆ ಒಳಗೆ ಹಾಕ್ತಾರೆ. ಲೈಸೆನ್ಸು ನಿಮ್ಮ ಯಜಮಾನ್ರ ಹೆಸರಲ್ಲಿದೆ. ಅವ್ರೋ ತೀರ್ಕೊಂಡಿದಾರೆ."

"ಅದಕ್ಕೇ ಇವನಿಗೆ ಬಡ್ಕೊಂಡೆ, ಠಾಣೆಗೆ ಒಪ್ಸು, ಹೆಸ್ರು ಬದಲಾಯ್ಸದೆ ಯಾರಿಗೂ ಕೊಡ್ಬೇಡ ಅಂತ. ಕೇಳಿದ್ರೆ ತಾನೆ? ಅದ್ರ ಮೇಲೆ ಮಾಟ ಆಗಿದೆ ಕಣಪ್ಪ."

ಮಗ ಅರುಣ್ ಡಿಕ್ಕಿಯನ್ನು ದಡಾರನೆ ಮುಚ್ಚಿದ. "ನೀನು ಒಳಗೆ ಹೋಗಮ್ಮ ಸುಮ್ನೆ. ಡಿಸಿ ಆಫೀಸಿಗೆ ಅಲೆಯೋದಕ್ಕೆ ನಂಗೆ ಪುರುಸೊತ್ತಿಲ್ಲ. ಇವ್ರಿಗೆ ಕೋವಿ ಬೇಕು, ನಮಗೆ ಬೇಡ. ಮುಗೀತಲ್ಲ?"

ಷಡಕ್ಷರಿ ಅಂಗಿಯ ಮೇಲಿಂದಲೇ ಎದೆಯ ಲಿಂಗವನ್ನು ಮುಟ್ಟಿ ತೋರಿಸಿದ. "ಇದು ಕಟ್ಟಿರೋನಿಗೆ ಯಾವ ಮಾಟಾನೂ ತಟ್ಟಲ್ಲಮ್ಮ." ಹಾಗೆಂದು ಗಾಡಿ ಹೊರಡಿಸಿದ. ಕನ್ನಡಿಯಲ್ಲಿ ನೋಡಿದರೆ ಮುದುಕಿ ಇನ್ನೂ ಅಲ್ಲೇ ನಿಂತು ಕೈ ಆಡಿಸುತ್ತಿದ್ದಳು. ಬೀಳ್ಕೊಡುವ ಕೈಯಲ್ಲ ಅದು, ಬೇಡ ಎನ್ನುವ ಕೈ.

ಷಡಕ್ಷರಿ ಕಡೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ಎರಡು ವರ್ಷದ ಹಿಂದೆ ಕೊಟ್ಟಿಗೆಹಾರದ ಮೇಲ್ಗಡೆ ಸಣ್ಣದೊಂದು ಕಾಫಿ ತೋಟ ಕೊಂಡು, ಹೆಂಡತಿ ಮೇಘಶ್ರೀಯನ್ನು ಕರೆದುಕೊಂಡು ಬಂದು ಪ್ಲಾಂಟರ್ ಆಗಿಬಿಟ್ಟಿದ್ದ. ಟೋಪಿ ಬಂತು, ಗಮ್‌ಬೂಟು ಬಂತು, ಜೀಪಿನ ಮಾತೂ ಬಂತು, ಕೋವಿಯೊಂದು ಬಾಕಿ. ಹಂದಿಗಳು ಬಾಳೆ ಬುಡ ಕಿತ್ತು ಹಾಕುತ್ತಿದ್ದುದು ನಿಜ. ಅದಕ್ಕಿಂತ ನಿಜವೆಂದರೆ, ಕೋವಿಯಿಲ್ಲದೆ ಜಗಲಿಯಲ್ಲಿ ಕೂತರೆ ಅವನಿಗೆ ತಾನಿನ್ನೂ ಮೊಳೆ, ಬೋಲ್ಟು ಮಾರುವವನೇ ಅನ್ನಿಸುತ್ತಿತ್ತು. ಲೈಸೆನ್ಸಿಗೆ ಹಾಕಿದ ಅರ್ಜಿ ಪೊಲೀಸ್ ವರದಿಗೆಂದು ಹೋದದ್ದು ಹೋಯಿತು, ತಿರುಗಿ ಬರಲಿಲ್ಲ. ಕಾಯುವ ತಾಳ್ಮೆ ಅವನಿಗಿರಲಿಲ್ಲ. ಹೆಂಡತಿಗೆ ಹೇಳಿದರೆ ರಂಪವಾಗುತ್ತದೆಂದು ಅವಳಿಗೂ ಹೇಳಲಿಲ್ಲ.

ಅದು ಗುಂಡಿನ ತೋಟಾ ಹಾಕುವ, ಒಂಟಿ ನಳಿಗೆಯ ಹಳೆಯ ಕೋವಿ. ಹಿಂದೆ ಕೊಕ್ಕೆಯಂತೆ ಎದ್ದು ಕಾಣುವ ಕುದುರೆ. ಅದನ್ನು ಬೆರಳಿಂದ ಒಮ್ಮೆ ಎಳೆದರೆ ಟಕ್ ಎಂದು ಅರ್ಧಕ್ಕೆ ನಿಲ್ಲುತ್ತದೆ, ಇನ್ನೊಮ್ಮೆ ಎಳೆದರೆ ಪೂರ್ತಿ ಹಿಂದಕ್ಕೆ ಹೋಗುತ್ತದೆ. ಆಮೇಲೆ ಅದು ಬಡಿಯುವುದೇ ಬಾಕಿ. ಷಡಕ್ಷರಿ ಬುಡದ ಕೀಲಿನಲ್ಲಿ ನಳಿಗೆ ಬಗ್ಗಿಸಿ, ಮುರಿದು ನೋಡಿದ. ಒಳಗೆ ಖಾಲಿ. ಅರುಣ್ ತೋಟಾ ಕೊಟ್ಟಿರಲಿಲ್ಲ, ಇವನೂ ಇನ್ನೂ ಎಲ್ಲಿಂದಲೂ ತಂದಿರಲಿಲ್ಲ. ಎಣ್ಣೆ ಹಾಕಿ ಒರೆಸಿ, ಕುದುರೆಯನ್ನು ಮೆಲ್ಲಗೆ ಇಳಿಸಿ, ಹಜಾರದ ಮರದ ಬೀರುವಿನೊಳಗೆ ಕಂಬಳಿಗಳ ಹಿಂದೆ ನಿಲ್ಲಿಸಿದ.

ಹೂಮಳೆ ಬಿದ್ದು ತೋಟವೆಲ್ಲ ಬಿಳಿ ಹೂವಾಗಿತ್ತು. ಕಾಫಿ ಹೂವಿನ ಗಮಲು ಕಿಟಕಿಯಿಂದ ನುಗ್ಗಿ ಬರುತ್ತಿತ್ತು. ಪಂಪಿನ ಬೀಗದ ಕೈ ಕೇಳಲು ಬಂದ, ತೋಟದ ಲೆಕ್ಕ ಬರೆಯುವ ರೈಟರ್ ರುದ್ರೇಶನ ಮೂಗಿಗೆ ಅದರ ನಡುವೆಯೂ ಕೋವಿ ಎಣ್ಣೆಯ ವಾಸನೆ ಹತ್ತಿತು. ಮೇಜಿನ ಮೇಲೆ ನಳಿಗೆ ಒರೆಸುವ ಸಲಾಕೆ ಬಿದ್ದುಕೊಂಡಿತ್ತು.

"ಇದು ಕೋವಿದಲ್ವಾ ಸಾರ್? ನೀವು ಕೋವಿ ತಗೊಂಡ್ರಾ?"

"ನಂದಲ್ಲಪ್ಪ. ಹಳೇ ಮಾಲೀಕರು ಬಿಟ್ಟು ಹೋಗಿದ್ದಿರ್ಬೇಕು."

ಟಕ್.

ಸದ್ದು ಬೀರುವಿನೊಳಗಿಂದ ಬಂತು. ರುದ್ರೇಶ್ ಅತ್ತ ನೋಡಿದ, ಷಡಕ್ಷರಿಯನ್ನು ನೋಡಿದ, ಬೀಗದ ಕೈ ತೆಗೆದುಕೊಂಡು ಹೋದ. ಅವನು ಅಂಗಳ ದಾಟಿದ ಮೇಲೆ ಷಡಕ್ಷರಿ ಬೀರು ತೆರೆದ. ಕುದುರೆ ಅರ್ಧ ಹಿಂದಕ್ಕೆ ಹೋಗಿ ನಿಂತಿತ್ತು. ಸ್ಪ್ರಿಂಗು ಸವೆದಿದೆ ಎಂದುಕೊಂಡ. ಕಬ್ಬಿಣದ ವ್ಯಾಪಾರಿಗೆ ಅಷ್ಟು ಗೊತ್ತಿಲ್ಲವೇ? ಇಳಿಸಲು ನೋಡಿದರೆ ಇಳಿಯಲಿಲ್ಲ. ಕಂಬಳಿ ಮುಚ್ಚಿ ಬಾಗಿಲು ಹಾಕಿದ. ಆದರೂ ಆ ದಿನ ಊಟ ರುಚಿಸಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಕಂಬಳಿಗಳನ್ನು ಬಿಸಿಲಿಗೆ ಹಾಕಲೆಂದು ಮೇಘಶ್ರೀಯೇ ಬೀರು ತೆರೆದಳು. ಅವಳು ಕೂಗಿದ ಧಾಟಿಗೇ ಷಡಕ್ಷರಿ ಹಜಾರಕ್ಕೆ ಓಡಿ ಬಂದ.

"ಏನ್ರೀ ಇದು? ಯಾರದ್ದು?"

"ನಂದಲ್ಲ ಮಾರಾಯ್ತಿ. ಅರುಣ್‌ದು. ಎಲೆಕ್ಷನ್ ಮುಗಿಯೋವರೆಗೂ ಇಟ್ಕೊಂಡಿರಿ ಅಂದ."

ಟಕ್.

ಈ ಸಲ ಸದ್ದಿನ ಜೊತೆ ವಾಸನೆಯೂ ಬಂತು. ಸುಟ್ಟ ಕೂದಲಿನ ವಾಸನೆ, ಅದರ ಹಿಂದೆ ತಣ್ಣಗಿನ ಬೂದಿಯ ವಾಸನೆ. ಕಾಫಿ ಹೂವಿನ ಗಮಲು ಎಲ್ಲಿಗೆ ಹೋಯಿತೋ! ಮೇಘಶ್ರೀ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಎಲೆಕ್ಷನ್ ಅಂದ್ರೆ ಠಾಣೆಗಲ್ವಾ ಕೊಡೋದು? ನಂಗೇ ಸುಳ್ಳು ಹೇಳ್ತೀರಲ್ಲ," ಎಂದು ಹೇಳಿ ಅಡುಗೆಮನೆಗೆ ಹೋದಳು.

ಷಡಕ್ಷರಿ ಬೀರುವಿನ ಬಾಗಿಲು ಮುಚ್ಚಿದ. ಒಳಗೆ ಕರ್ರನೆ ಸದ್ದಾಯಿತು. ಕಬ್ಬಿಣ ಮರದ ಮೇಲೆ ಉಜ್ಜುವ ಸದ್ದು. ತೆರೆದ. ನೆಟ್ಟಗೆ ನಿಂತಿದ್ದ ಕೋವಿ ಅಡ್ಡ ಮಲಗಿತ್ತು. ನಳಿಗೆಯ ಬಾಯಿ ಅಡುಗೆಮನೆಯ ಕಡೆಗಿತ್ತು. ಅಷ್ಟರಲ್ಲಿ ಮೇಘಶ್ರೀ ಬಟ್ಟೆ ತೆಗೆಯಲು ಹಿತ್ತಿಲಿಗೆ ನಡೆದಳು. ಅವನ ಕಣ್ಣೆದುರಿಗೇ ನಳಿಗೆ ಕರ್ರನೆ ಹಿತ್ತಿಲ ಕಡೆ ಹೊರಳಿತು. ಅವಳು ನಿಂತಳು. ಅದೂ ನಿಂತಿತು.

ಕುದುರೆ ಪೂರ್ತಿ ಹಿಂದಕ್ಕೆ ಹೋಗಿತ್ತು. ನಳಿಗೆ ಮುರಿಯಲು ಕೈ ಹಾಕಿದ, ಮುರಿಯಲಿಲ್ಲ. ಸಂದಿಯಲ್ಲಿ ಹಿತ್ತಾಳೆ ಮಿನುಗಿತು. ತಾನು ತುಂಬದ ತೋಟಾ ಒಳಗೆ ಕೂತಿತ್ತು. ಎತ್ತಿ ಹೊರಗೆ ಎಸೆಯೋಣವೆಂದು ಹಿಡಿದರೆ ಕುದುರೆ ಗಡಗಡ ನಡುಗತೊಡಗಿತು. ಬೆಂಕಿ ಮುಟ್ಟಿದವನಂತೆ ಕೈ ಬಿಟ್ಟ.

"ಮೇಘಾ, ನಡಿ, ಕಡೂರಿಗೆ ಹೋಗಿ ಬರೋಣ. ಈಗ್ಲೇ."

"ಸುಳ್ಳು ಹೇಳೋರ ಜೊತೆ ನಾನು ಎಲ್ಲಿಗೂ ಬರಲ್ಲ."

ಆಗಲಾದರೂ ನಿಜ ಹೇಳಬಹುದಿತ್ತು. ಏನೆಂದು ಹೇಳುವುದು? ಮುದುಕಿಯನ್ನು ಗೇಲಿ ಮಾಡಿ ತಂದೆ, ಈಗ ಅದು ನಿನ್ನನ್ನು ಹುಡುಕುತ್ತಿದೆ ಎಂದೇ? ನಾಚಿಕೆ ಅವನ ಬಾಯಿ ಕಟ್ಟಿತು. ಬೀರುವಿಗೆ ಬೀಗ ಜಡಿದು, ಗಾಡಿ ಹತ್ತಿ ವಸಂತಮ್ಮನ ಮನೆಗೆ ಓಡಿಸಿದ.

ಅವನ ಮುಖ ನೋಡಿದ ಕೂಡಲೇ ವಸಂತಮ್ಮ ಜಗಲಿಯ ಕಂಬ ಹಿಡಿದುಕೊಂಡು ಕೂತಳು. "ಎಷ್ಟು ಸಲ ಅಂದೆ?"

"ಎರಡು."

"ನಮ್ಮ ಮಾವನ ಕಾಲದಲ್ಲಿ ಹಂದಿಗೆ ಅಂತ ಹೊಡೆದ ಈಡು ಕೂಲಿಯವರ ಲೈನ್ ಮನೆ ಹುಡುಗನಿಗೆ ಬಿತ್ತು. ಅವನ ತಾಯಿ ಯಾರ ಕೋವಿ, ಯಾರ ಕೋವಿ ಅಂತ ಕೇಳ್ಕೊಂಡು ಬಂದ್ಲು. ಲೈಸೆನ್ಸಿಲ್ಲದ ಕೋವಿ. ಮಾವ ನಂದಲ್ಲ ಅಂದ್ರು. ಅವ್ಳು ಕಳಸದ ಆಚೆಯಿಂದ ಮಂತ್ರವಾದಿನ ಕರ್ಸಿ, ಮಗನ ಬೂದೀನ ನಳಿಗೆಗೆ ತುಂಬ್ಸಿದ್ಲಂತೆ. ಅದು ಗೊತ್ತಿಲ್ದೆ ಮಾವ ಮತ್ತೆರಡು ಸಲ ಅದೇ ಮಾತು ಆಡಿದ್ರು. ನಮ್ಮ ಅತ್ತೆ ಹೊಸ್ತಿಲ ಮೇಲೇ ಹೋದ್ರು."

"ನಿಮ್ಮ ಯಜಮಾನ್ರು ಅಷ್ಟು ವರ್ಷ ಇಟ್ಕೊಂಡಿದ್ರಲ್ಲ..."

"ಅವ್ರು ಲೈಸೆನ್ಸ್ ಮಾಡ್ಸಿದ್ರು. ಒಂದು ರಿನ್ಯೂವಲ್ಲೂ ತಪ್ಪಿಸ್ಲಿಲ್ಲ. ಎಲೆಕ್ಷನ್ ಬಂತು ಅಂದ್ರೆ ದೇವಸ್ಥಾನಕ್ಕೆ ಹೋಗೋ ಹಾಗೆ ಮಡಿಪಂಚೆ ಉಟ್ಕೊಂಡು ಠಾಣೆಗೆ ಹೋಗಿ, ನಾಲ್ಕು ಜನಕ್ಕೆ ಕೇಳೋ ಹಾಗೆ 'ಇದು ಸುಬ್ಬಣ್ಣನ ಕೋವಿ, ನಂದು' ಅಂತ ಒಪ್ಪಿಸಿ ಬರೋರು. ಹೊಣೆ ಹೊತ್ತವರನ್ನ ಅದು ಮುಟ್ಟಲ್ಲಪ್ಪ."

"ವಾಪಸ್ ತಗೊಳ್ಳಿ ಅಮ್ಮಾ. ಕಾಲಿಗೆ ಬೀಳ್ತೀನಿ."

"ಈಗ ಆಗೋದಿಲ್ಲ. ಕೇಳಿದೋರ ಎದುರಿಗೆ ಬಾಯಿ ಬಿಟ್ಟು ನಂದು ಅನ್ಬೇಕು. ಸನ್ನೆ ಗಿನ್ನೆ ನಡೆಯಲ್ಲ. ಮನೇಲಿ ಯಾರು ಅಲ್ಲ ಅಂದ್ರೂ ಅದು ಲೆಕ್ಕಕ್ಕೆ ತಗೊಳ್ತದೆ. ಮೂರನೇದು ಯಾರ ಬಾಯಿಂದ ಬರ್ತದೋ, ಅವರಿಗೆ ಯಾರ ಮೇಲೆ ಜೀವವೋ, ಅವರನ್ನ ತಗೊಳ್ತದೆ. ಹೋಗು. ಮೊದ್ಲು ನಿನ್ನ ಹೆಂಡ್ತಿಗೆ ಹೇಳು."

ಷಡಕ್ಷರಿ ಫೋನ್ ಮಾಡಿದ, ಸಿಟ್ಟಿನಲ್ಲಿದ್ದ ಮೇಘಶ್ರೀ ಎತ್ತಲಿಲ್ಲ. ಗಾಡಿ ತಿರುಗಿಸಿದ. ಘಾಟಿಯಿಂದ ಮಂಜು ಏರಿ ಬಂದು ರಸ್ತೆಯನ್ನು ನುಂಗಿತ್ತು. ಕೇಸಾಗಲಿ, ಜೈಲಾಗಲಿ, ಕಡೂರಿನ ಪೇಟೆಯೆಲ್ಲ ಬಾಯಿಗೆ ಬಂದಂತೆ ಆಡಿಕೊಳ್ಳಲಿ. ನಂದು, ನಂದು, ನಂದು ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಲೇ ಓಡಿಸಿದ. ಮದುವೆಯಾದಾಗಿನಿಂದ ಅವಳ ಮೇಲೆ ಇಷ್ಟು ಪ್ರೀತಿ ಅವನಿಗೆ ಒಮ್ಮೆಗೇ ಉಕ್ಕಿ ಬಂದದ್ದಿಲ್ಲ.

ಅಂಗಳದಲ್ಲಿ ಪೊಲೀಸ್ ಜೀಪು ನಿಂತಿತ್ತು.

ಹಜಾರದೊಳಗೆ ದಫೇದಾರ್ ದಯಾನಂದ ಕಾಫಿ ಲೋಟ ಹಿಡಿದು ನಿಂತಿದ್ದ. ಮೇಘಶ್ರೀ ಬೀರುವಿಗೆ ಬೆನ್ನು ಕೊಟ್ಟು ನಿಂತಿದ್ದಳು. ಅವಳ ಬೆನ್ನ ಹಿಂದೆ, ಹಲಗೆಯ ಆಚೆ ಅದು.

"ಬನ್ನಿ ಸಾರ್," ಎಂದ ದಯಾನಂದ. "ಎಲೆಕ್ಷನ್ ಅಲ್ವಾ, ಕೋವಿ ಎಲ್ಲ ಜಮಾ ಮಾಡಿಸ್ಕೊಳ್ತಾ ಇದೀವಿ. ಸುಬ್ಬಣ್ಣನವ್ರ ಕೋವಿ ನಿಮ್ಮಲ್ಲಿದೆ ಅಂತ ಯಾರೋ ಅಂದ್ರು. ಹೌದಾ?"

ಷಡಕ್ಷರಿ ಬಾಯಿ ತೆರೆದ. ಓಡಿ ಬಂದ ಏದುಸಿರು. ಮಾತು ಗಂಟಲವರೆಗೆ ಬಂದಿತ್ತು.

ಮೇಘಶ್ರೀ ಅವನ ಮುಖ ನೋಡಿದಳು. ಬಿಳಿಚಿಕೊಂಡ ಮುಖ, ನಡುಗುವ ತುಟಿ. ಬೆಳಿಗ್ಗೆಯ ಸಿಟ್ಟೆಲ್ಲ ಕರಗಿಹೋಯಿತು. ಈ ಮನುಷ್ಯ ಜೈಲಿನಲ್ಲಿ ಒಂದು ದಿನ ಬದುಕುವವನಲ್ಲ ಎಂದು ಅವಳಿಗೆ ಅನ್ನಿಸಿತು. ಅವಳೇ ಮುಂದಾದಳು.

"ನಮ್ಮಲ್ಲಿ ಎಂಥ ಕೋವಿ ಸಾರ್? ಯಾವ ಕೋವಿನೂ ನಮ್ದಲ್ಲ."

ಕರ್ರನೆ ಸದ್ದಾಯಿತು. ನಳಿಗೆ ಅವಳ ಬೆನ್ನು ಬಿಟ್ಟು ಹೊರಳಿತು. ಬೀರುವಿನ ಹಲಗೆಯ ಹಿಂದೆ ಅದು ತೆವಳುವುದು ಷಡಕ್ಷರಿಗೆ ಕಂಡಂತೆಯೇ ಕೇಳಿಸಿತು. ಅವಳನ್ನು ಬಿಟ್ಟಿತು! ಆ ಒಂದು ಗಳಿಗೆ ಅವನಿಗೆ ಸಂತೋಷವೇ ಆಯಿತು. ಮರುಗಳಿಗೆ ಅದು ನಿಂತಿತು. ತನ್ನ ನೇರಕ್ಕೆ ನಿಂತಿತು.

ಢಂ!

ಹಲಗೆ ಸೀಳಿತು. ಹೊಗೆ. ಬೂದಿಯ ವಾಸನೆ. ಲೋಟ ನೆಲಕ್ಕೆ ಬಿದ್ದ ಸದ್ದು. ಷಡಕ್ಷರಿ ಮಲಗಿದ್ದ. ನೋವು ಇನ್ನೂ ಬಂದಿರಲಿಲ್ಲ. ಕೈಯಿಂದ ಮುಟ್ಟಿಕೊಂಡರೆ ದವಡೆ ಇರಬೇಕಾದಲ್ಲಿ ಬರಿಯ ಬಿಸಿ, ಬರಿಯ ಜಿಗುಟು. ಹಲಗೆ ತಡೆದಿದ್ದರಿಂದ ಜೀವ ಹೋಗಿರಲಿಲ್ಲ. ಮೇಘಶ್ರೀ ಚೀರುತ್ತಾ ಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

ಸೀಳಿದ ಬೀರುವಿನಿಂದ ಕೋವಿ ಜಾರಿ ನೆಲಕ್ಕೆ ಬಿತ್ತು. ದಯಾನಂದ ಫೋನ್ ಕಿವಿಗಿಟ್ಟು ಆಂಬುಲೆನ್ಸಿಗೆ ಕೂಗುತ್ತಾ ಗೋಡೆಗೆ ಒರಗಿದ.

"ಯಾರದ್ದಮ್ಮ ಈ ಕೋವಿ?"

"ಗೊತ್ತಿಲ್ಲ ಸಾರ್, ನಮ್ದಲ್ಲ!"

ಟಕ್.

ಅದು ಷಡಕ್ಷರಿಗೊಬ್ಬನಿಗೇ ಕೇಳಿಸಿತು. ನಂದು ಎನ್ನಲು ಹೋದ. ಗಂಟಲಿನಿಂದ ಗುಳುಗುಳು ಸದ್ದು ಬಂತು. ಇನ್ನೊಮ್ಮೆ ಪ್ರಯತ್ನಿಸಿದ. ಮಾತಿರಲಿಲ್ಲ. ಕೈ ಚಾಚಿ ಕೋವಿಯ ಹಿಡಿಯನ್ನು ಹಿಡಿದ, ಎಳೆದ, ಎದೆಗೆ ಬಡಿದುಕೊಂಡ.

"ನಿಮ್ದಾ ಸಾರ್?" ಎಂದ ದಯಾನಂದ.

ಷಡಕ್ಷರಿ ತಲೆಯಾಡಿಸಿದ. ಹೌದು, ಹೌದು. ಕುದುರೆ ಇಳಿಯಲಿಲ್ಲ.

"ಅವ್ರಿಗೆ ಎಚ್ಚರ ಇಲ್ಲ ಸಾರ್, ನಂಬಬೇಡಿ! ಆ ಕೋವಿ ಅವ್ರದ್ದಲ್ಲ!"

ಟಕ್.

ನಳಿಗೆ ಅವನ ಕೈಯೊಳಗೇ ಹೊರಳಿತು. ತಣ್ಣಗಿನ ಬಾಯಿ ಅವನ ಎದೆಗೆ ಬಂದು ಕೂತಿತು. ದೂಡಿದರೆ ಸರಿಯಲಿಲ್ಲ. ಷಡಕ್ಷರಿ ಉಳಿದ ಶಕ್ತಿಯನ್ನೆಲ್ಲ ಕೂಡಿಸಿ ಬಲಗೈ ಎತ್ತಿದ. ನೆತ್ತರಾದ ಅಂಗೈಯಿಂದ ಮೇಘಶ್ರೀಯ ಬಾಯಿಯನ್ನು ಮುಚ್ಚಿದ. ಒತ್ತಿ ಮುಚ್ಚಿದ.

ಅವಳು ಅಳುತ್ತಲೇ ಆ ಕೈಯನ್ನು ಮೆಲ್ಲಗೆ ಸರಿಸಿ ತನ್ನ ಕೆನ್ನೆಗೆ ಒತ್ತಿಕೊಂಡಳು. "ನೀವು ಹೆದರ್ಬೇಡಿ. ನಾನಿದೀನಲ್ಲ, ನಿಮ್ಗೇನೂ ಆಗೋಕೆ ಬಿಡಲ್ಲ," ಎಂದಳು. ಆಮೇಲೆ ಇನ್ನೊಮ್ಮೆ ಹೇಳಲು ದಯಾನಂದನ ಕಡೆ ತಿರುಗಿದಳು.