ಎಂಜಿನ್ ಎತ್ಬಿಡಿ

“ಅದು ನೀರು ಕುಡೀತಿಲ್ಲ ಕಣ್ರೀ. ಗಾಳಿ ಕುಡೀತಿದೆ.”

ಕೆರೆ ಏರಿಯ ಮೇಲಿಂದ ಬಂದ ದನಿಗೆ ಪ್ರಮೋದಾ ತಿರುಗಿ ನೋಡಿದಳು. ಅವಳು ದೋಣಿಯ ಹಿಂಬದಿಯಲ್ಲಿ ಎಂಜಿನ್ನಿನ ಹಿಡಿ ಹಿಡಿದು ಕೂತಿದ್ದಳು. ಎಂಜಿನ್ ಕಿವಿ ಹರಿಯುವಂತೆ ಅರಚುತ್ತಿತ್ತು. ದೋಣಿ ಮಾತ್ರ ಮಲಗಿದ ಎಮ್ಮೆಯ ಹಾಗೆ ಇದ್ದಲ್ಲೇ ಇತ್ತು.

ಏರಿಯ ಮೇಲೆ ಒಬ್ಬ ಬೈಕಿಗೆ ಒರಗಿ ನಿಂತಿದ್ದ. ಹೆಗಲಲ್ಲಿ ಸ್ಪ್ಯಾನರ್ ಚೀಲ. ಮುಖದಲ್ಲಿ ನಗು ತಡೆದುಕೊಂಡ ಗುರುತು.

“ನೀವ್ಯಾರ್ರೀ?”

“ಬೈರೇಶ್. ದೇವನಹಳ್ಳಿ ಹತ್ರದ ವಿಜಯಪುರ. ಬೋರ್‌ವೆಲ್ ಮೋಟರ್ ರಿಪೇರಿ ಮಾಡ್ತೀನಿ. ನಿಮ್ಮಪ್ಪ ಬರೋಕ್ ಹೇಳಿದ್ರು.”

“ಬೋರ್‌ವೆಲ್ಲಾ? ಇದು ದೋಣಿ.”

“ಕಾಣ್ತಿದೆ. ದೋಣಿಗೇ ಇನ್ನೂ ಗೊತ್ತಾಗಿಲ್ಲ ಅನ್ಸುತ್ತೆ.”

ಏನು ಕೊಬ್ಬು ಇವನಿಗೆ... ಅಂದುಕೊಂಡಳು. ಆದರೂ ಎಂಜಿನ್ ಆಫ್ ಮಾಡಿದಳು.

ಬೈರೇಶ್ ನೀರಿಗೆ ಇಳಿಯಲಿಲ್ಲ. ದೋಣಿಯನ್ನೇ ದಡಕ್ಕೆ ಎಳೆಸಿಕೊಂಡು, ಅದರ ಹಿಂದಿನ ಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಹಲಗೆಗೂ ಅದನ್ನು ಕಚ್ಚಿ ಹಿಡಿಯುವ ಎಂಜಿನ್ನಿನ ಹಿಡಿಕಟ್ಟಿಗೂ ನಡುವೆ ಯಾರೋ ಒಂದು ಮರದ ತುಂಡು ಕೊಟ್ಟಿದ್ದರು. ಅದನ್ನು ಕಿತ್ತು ಎಸೆದ. ಎಂಜಿನ್ ಕೆಳಗೆ ಕೂತಿತು, ಅದರ ತುದಿಯ ಫ್ಯಾನು ನೀರಿನೊಳಗೆ ಪೂರ್ತಿ ಮುಳುಗಿತು.

“ಈಗ ಹಾಕಿ.”

ದೋಣಿ ಹೊರಟಿತು. ಆ ಸಂಜೆ ಮೊದಲ ಸಲ ಅದು ಅವಳ ಮಾತು ಕೇಳಿತು. ಕೆರೆಯ ಮಧ್ಯದಲ್ಲಿ ಪ್ರಮೋದಾ ತನಗೇ ತಿಳಿಯದಂತೆ ನಕ್ಕಳು. ತಿರುಗಿ ನೋಡಿದರೆ ದಡದಲ್ಲಿ ಅವನೂ ನಗುತ್ತಿದ್ದ. ಅವಳು ತಕ್ಷಣ ಮುಖ ಗಂಟಿಕ್ಕಿಕೊಂಡಳು.

*

ಜಡಿಗೇನಹಳ್ಳಿ ಕಡೆಯ ಆ ಕೆರೆಗೆ ನೀರು ಬಂದು ಕೆಲವೇ ವರ್ಷ. ಅದಕ್ಕೂ ಮೊದಲು ಊರಿನವರು ಕೆರೆಯಂಗಳದ ಕಾಲುದಾರಿಯಲ್ಲೇ ಆಚೆ ದಡದ ಹೂದೋಟಗಳಿಗೆ ನಡೆದು ಹೋಗುತ್ತಿದ್ದರು. ನೀರು ತುಂಬಿದ್ದು ಎಲ್ಲರಿಗೂ ಖುಷಿಯೇ. ದಾರಿ ಮುಳುಗಿದ್ದು ಮಾತ್ರ ಹೂ ಕೀಳುವ ಹೆಂಗಸರ ಪಾಲಿಗೆ ಬಂತು. ಈಗ ಸೇವಂತಿಗೆ ಗಂಟು ಹೊತ್ತು ಕೆರೆ ಸುತ್ತಿ ಬರಬೇಕು, ಅಷ್ಟರಲ್ಲಿ ಮಾರ್ಕೆಟ್ಟಿಗೆ ಹೂ ಒಯ್ಯುವ ಟೆಂಪೊ ಹೋಗಿರುತ್ತದೆ.

ಪ್ರಮೋದಾ ಏರ್‌ಪೋರ್ಟಿನಲ್ಲಿ ಕ್ಯಾಬ್ ಓಡಿಸುವವಳು. ದೇವನಹಳ್ಳಿಯ ಹತ್ತಿರ ಮುಚ್ಚಿಹೋದ ರೆಸಾರ್ಟ್ ಒಂದರಲ್ಲಿ ಈ ದೋಣಿ ಬೋರಲು ಬಿದ್ದಿದ್ದನ್ನು ಕಂಡು, ಎಂಜಿನ್ ಸಮೇತ ಕೊಂಡು ತಂದಿದ್ದಳು. ಪಂಚಾಯ್ತಿಯ ಸದಸ್ಯ ಭಾನುಪ್ರಕಾಶ್ ಒಂದೇ ಷರತ್ತು ಹಾಕಿದ್ದ. ಶುಕ್ರವಾರ ಸಂಜೆ, ಆರು ಜನ ಮತ್ತು ಹೂವಿನ ಗಂಟುಗಳ ಜೊತೆ ಆಚೆ ದಡ ಮುಟ್ಟಿ ವಾಪಸ್ ಬರಬೇಕು. ಎಲ್ಲೂ ನಿಲ್ಲಬಾರದು, ಒಳಗೆ ನೀರು ಬರಬಾರದು. ಆಗದಿದ್ದರೆ ದೋಣಿ ಕೆರೆಯಿಂದ ಹೊರಗೆ. ಅವಳು ಮತ್ತೆ ಏರ್‌ಪೋರ್ಟಿಗೆ.

ಬೈರೇಶ್ ದಿನಾ ಸಂಜೆ ಬರತೊಡಗಿದ. ಪೆಟ್ರೋಲ್ ಪೈಪು ಬದಲಿಸಿದ, ಪ್ಲಗ್ಗು ಉಜ್ಜಿದ. ಅವಳ ಅಪ್ಪ ರಾಮಾಂಜಿನಪ್ಪ ಟೀ ತಂದು ಕೊಟ್ಟು, “ಏನಪ್ಪಾ, ಎಂಜಿನ್ ಇನ್ನೂ ಕೆಟ್ಟಿದ್ಯಾ, ಇಲ್ಲ ನೀನೇ ದಿನಾ ಕೆಡಿಸ್ತಿದ್ದೀಯಾ?” ಎಂದು ಕೇಳಿದರೆ ಅವನ ಕಿವಿ ಕೆಂಪಾಗುತ್ತಿತ್ತು.

ಪ್ರಮೋದಾ ಅದನ್ನು ನೋಡಿಯೂ ನೋಡದವಳಂತೆ ಇರುತ್ತಿದ್ದಳು. ಆದರೆ ಐದು ಗಂಟೆಯಾದರೆ ಏರಿಯ ಕಡೆಯ ಪ್ರತಿ ಬೈಕಿನ ಸದ್ದೂ ಅವಳಿಗೆ ಕೇಳಿಸುತ್ತಿತ್ತು. ಇದೇನು ಹುಚ್ಚು... ರಿಪೇರಿಯವನ ದಾರಿ ಕಾಯೋದು?

ತೊಂದರೆ ಶುರುವಾಗಿದ್ದು ಭಾರ ಹಾಕಿದಾಗ. ಆರು ಜನರ ಬದಲು ಆರು ಗೊಬ್ಬರದ ಮೂಟೆ ಏರಿಸಿ ನೋಡಿದರು. ದೋಣಿ ಮೂಗು ಮೇಲೆತ್ತಿಕೊಂಡು ಏದುಸಿರು ಬಿಟ್ಟಿತು. ಅರ್ಧ ಕೆರೆಯಲ್ಲಿ ಎಂಜಿನ್ ಗಂಟಲು ಕಟ್ಟಿದಂತಾಗಿ ನಿಂತೇಹೋಯಿತು.

“ಇನ್ನೂ ಇಳಿಸ್ಬೇಕು,” ಅಂದ ಬೈರೇಶ್.

ಆ ಸೀಮೆಯಲ್ಲಿ ನೀರಿನ ಯಾವ ಸಮಸ್ಯೆಗೂ ಅದೇ ಉತ್ತರ. ಬೋರ್‌ವೆಲ್ಲಿನಲ್ಲಿ ನೀರು ಕಮ್ಮಿಯಾಯಿತೆ, ಇನ್ನೊಂದು ಪೈಪ್ ಜೋಡಿಸಿ ಮೋಟರ್ ಇಳಿಸು. ಅವನ ಕೈ ಕಲಿತಿದ್ದೇ ಅದು. ಉಳಿ ತೆಗೆದುಕೊಂಡು ಹಿಂದಿನ ಹಲಗೆಯನ್ನು ಎರಡು ಇಂಚು ಕೆತ್ತಿಯೇಬಿಟ್ಟ. ಎಂಜಿನ್ ಇನ್ನೂ ಕೆಳಗೆ ಹೋಯಿತು. ದೋಣಿ ಇನ್ನೂ ನಿಧಾನವಾಯಿತು. ಎಂಜಿನ್ನಿನ ಕಾಲು ನೀರನ್ನು ನೇಗಿಲಿನಂತೆ ಸೀಳಿ, ಆ ನೀರೆಲ್ಲ ಪ್ರಮೋದಾಳ ಬೆನ್ನಿಗೆ ಎರಚಿತು.

“ಸ್ನಾನ ಆಗಿತ್ರೀ ನಂದು,” ಅಂದಳು.

ಬುಧವಾರ ಅವನು ಮಲ್ಪೆಯಿಂದ ತರಿಸಿದ ಒಂದು ಹೊಸ ಫ್ಯಾನ್ ಹಿಡಿದು ಬಂದ. ಹಳೆಯದರ ಮೇಲೆ ಹನ್ನೊಂದು ಎಂಬ ಅಂಕಿ ಇತ್ತು. ಇದರ ಮೇಲೆ ಏಳು.

“ಹನ್ನೊಂದು ಅಂದ್ರೆ, ಒಂದು ಸುತ್ತು ತಿರುಗಿದ್ರೆ ಹನ್ನೊಂದು ಇಂಚು ಮುಂದೆ ಹೋಗೋ ಲೆಕ್ಕ. ಇದು ಏಳಿಂಚು.”

“ಅಂದ್ರೆ ನಿಧಾನ ಮಾಡ್ತಿದ್ದೀರಾ ನನ್ನ ದೋಣಿನ?”

“ನಿಧಾನ ಅಲ್ಲ ಕಣ್ರೀ, ಭಾರಕ್ಕೆ...”

“ಟೆಂಪೊ ಕಾಯಲ್ಲ ಬೈರೇಶ್. ನನಗೆ ಸ್ಪೀಡ್ ಬೇಕು. ಹಲಗೆ ಕೆತ್ತಿ ಹಾಳ್ಮಾಡಿದ್ರಿ, ಈಗ ಇದು. ನಿಮಗೆ ಬೋರ್‌ವೆಲ್ ಬಿಟ್ರೆ ಬೇರೇನ್ ಗೊತ್ತು?”

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಅವಳಿಗೇ ಚುರುಕ್ ಅಂತು.

ಅವನು ಫ್ಯಾನನ್ನು ಮೆಲ್ಲಗೆ ದೋಣಿಯೊಳಗೆ ಇಟ್ಟ. “ಏನೂ ಗೊತ್ತಿಲ್ಲ,” ಅಂದ. ಬೈಕ್ ಹತ್ತಿ ಹೋದ. ಆವತ್ತು ಟೀ ಕೂಡ ಕುಡಿಯಲಿಲ್ಲ.

*

ಗುರುವಾರ ಏರ್‌ಪೋರ್ಟಿನಿಂದ ಹೊರಟ ಅವಳ ಕ್ಯಾಬಿನಲ್ಲಿ ಒಂದಿಡೀ ಸಂಸಾರ, ಡಿಕ್ಕಿ ತುಂಬ ಸೂಟ್‌ಕೇಸು. ಫ್ಲೈಓವರ್ ಬುಡದಲ್ಲಿ ಹಸಿರು ದೀಪ ಬಿದ್ದಾಗ, ಬೈರೇಶನ ಮುಖ ನೆನೆಯುತ್ತಿದ್ದವಳು ಮೂರನೇ ಗೇರಿನಲ್ಲೇ ಗಾಡಿ ಎತ್ತಲು ನೋಡಿದಳು. ಗಾಡಿ ಗಡಗಡ ನಡುಗಿ ಆಫ್ ಆಯಿತು.

ಹಿಂದೆ ಹಾರನ್ನುಗಳ ಜಾತ್ರೆ. ಅವಳು ಮಾತ್ರ ಸ್ಟೇರಿಂಗ್ ಹಿಡಿದು ಸುಮ್ಮನೆ ಕೂತಳು.

ಹನ್ನೊಂದು ಅಂದರೆ ಟಾಪ್ ಗೇರು. ರೆಸಾರ್ಟಿನಲ್ಲಿ ಇಬ್ಬರು ಕೂತು ಸುತ್ತೋದಕ್ಕೆ ಸರಿ. ಆರು ಜನ ಹೊರೋದಕ್ಕೆ ಏಳೇ ಬೇಕು... ಇಷ್ಟು ವರ್ಷ ಗಾಡಿ ಓಡಿಸಿದವಳಿಗೆ ಇದು ಹೊಳೆಯಲಿಲ್ಲವಲ್ಲ. ಫ್ಯಾನಿನ ವಿಷಯದಲ್ಲಿ ಅವನದೇ ಸರಿ. ಎತ್ತರದ ವಿಷಯದಲ್ಲಿ, ಹಲಗೆ ಕೆತ್ತಬಾರದಿತ್ತು ಅಂದ ನನ್ನದು ಸರಿ.

ಕ್ಷಮೆಯನ್ನು ಎದುರಿಗೇ ನಿಂತು ಕೇಳಬೇಕು ಅನ್ನಿಸಿತು. ಆದರೆ ನಾಳೆಯೇ ಪರೀಕ್ಷೆ, ಎಂಜಿನ್ನನ್ನು ಇವತ್ತೇ ಎರಡು ಇಂಚು ಮೇಲೆತ್ತಿ ಕೂರಿಸಬೇಕು. ಸಂಸಾರವನ್ನು ಇಳಿಸಿದ ಕೂಡಲೇ ಅವನಿಗೊಂದು ಮೆಸೇಜ್ ಒತ್ತಿದಳು.

“ಎಂಜಿನ್ ಎತ್ಬಿಡಿ. ಅಷ್ಟು ಮಾಡಿ ಸಾಕು.”

ಆಮೇಲೆ ಮುಂದಿನ ಟ್ರಿಪ್ ಬಂತು, ಅದರ ಮುಂದಿನದು ಬಂತು. ನಾಳೆ ಪರೀಕ್ಷೆ ಗೆದ್ದರೆ ಇದೇ ಅವಳ ಕ್ಯಾಬ್ ಕೆಲಸದ ಕೊನೆಯ ದಿನ. ಅವನು ಬಂದು ಕೆಲಸ ಮುಗಿಸಿರುತ್ತಾನೆ ಎಂಬ ನಂಬಿಕೆಯಲ್ಲಿ ಅವಳು ಹಾಡಿಕೊಂಡೇ ಗಾಡಿ ಓಡಿಸಿದಳು.

*

ಶುಕ್ರವಾರ ಬೆಳಿಗ್ಗೆ ದೋಣಿಯ ಹಿಂದೆ ಎಂಜಿನ್ನೇ ಇರಲಿಲ್ಲ.

ಹಲಗೆಯ ಮೇಲೆ ಹಿಡಿಕಟ್ಟು ಕಚ್ಚಿದ್ದ ಎರಡು ಗುರುತು ಮಾತ್ರ. ಪ್ರಮೋದಾ ಅವುಗಳ ಮೇಲೆ ಕೈ ಆಡಿಸಿದಳು.

“ನಿನ್ನೆ ಸಂಜೆ ಬೈರೇಶ ಬಂದು ಎತ್ಕೊಂಡ್ಹೋದ ಕಣವ್ವ,” ಅಂದರು ರಾಮಾಂಜಿನಪ್ಪ. “ನೀನೇ ಹೇಳಿದ್ಯಂತೆ. ಮುಖ ನೋಡ್ದೆ, ಸಾವಿನ ಮನೆಯಿಂದ ಬಂದೋನ್ ಥರ ಇದ್ದ. ನಾನ್ ಏನೂ ಕೇಳ್ಲಿಲ್ಲ.”

“ನಾನು? ನಾನ್ಯಾವಾಗ ಹೇಳ್ದೆ?”

ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಸ್ವಿಚ್ ಆಫ್.

ಸೇಡು ತೀರಿಸಿಕೊಂಡನಾ? ಒಂದು ಮಾತಿಗೆ ಇಷ್ಟು ದೊಡ್ಡ ಶಿಕ್ಷೆನಾ? ಕಣ್ಣು ತುಂಬಿಕೊಂಡಿತು. ಅಳುತ್ತ ಕೂರಲು ಹೊತ್ತಿರಲಿಲ್ಲ. ಕ್ಯಾಬ್ ಹತ್ತಿ ಹೊಸಕೋಟೆ ದಾಟಿ ವಿಜಯಪುರದ ಕಡೆ ಹೊರಟಳು. ದಾರಿಯುದ್ದಕ್ಕೂ ಅವನಿಗೆ ಬೈಯಲು ಮಾತು ಜೋಡಿಸಿಕೊಂಡಳು. ಒಂದಕ್ಕಿಂತ ಒಂದು ಚೆನ್ನಾಗಿತ್ತು.

ಅವನ ಮನೆಯ ಮುಂದಿನ ಶೆಡ್ಡಿನಲ್ಲಿ ರೇಷ್ಮೆ ಹುರಿ ಮಾಡುವ ಯಂತ್ರ ಗುಂಯ್ ಎನ್ನುತ್ತಿತ್ತು. ಅವನ ತಾಯಿ ಮುನಿತಾಯಮ್ಮ ಕಡಿದ ಎಳೆ ಗಂಟು ಹಾಕುತ್ತ ತಲೆ ಎತ್ತದೆ ಕೇಳಿದರು, “ದೋಣಿ ಹುಡುಗಿನಾ?”

“ಹೌದಮ್ಮ.”

“ಒಳಗವ್ನೆ. ನಿನ್ನೆಯಿಂದ ಊಟ ಬಿಟ್ಟವ್ನೆ. ಆ ಕಬ್ಬಿಣಕ್ಕೆ ಮಾತ್ರ ಚೆನ್ನಾಗಿ ಎಣ್ಣೆ ಕುಡುಸ್ತಾ ಕೂತವ್ನೆ.”

ಒಳಗೆ ಎಂಜಿನ್ ಒಂದು ಮರದ ಸ್ಟ್ಯಾಂಡಿನ ಮೇಲೆ ಕೂತಿತ್ತು. ತೊಳೆದು, ಒರೆಸಿ, ಏಳರ ಫ್ಯಾನನ್ನು ಜೋಡಿಸಿಯೂ ಆಗಿತ್ತು. ಬೈರೇಶ್ ಅದಕ್ಕೊಂದು ಹಳೆಯ ಪಂಚೆ ಸುತ್ತುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

ಜೋಡಿಸಿಕೊಂಡಿದ್ದ ಬೈಗುಳ ಒಂದೂ ಅವಳ ಬಾಯಿಗೆ ಬರಲಿಲ್ಲ.

“ಯಾಕ್ ತಂದ್ರಿ?”

“ನೀವೇ ಹೇಳಿದ್ರಲ್ಲ... ಎತ್ಬಿಡಿ ಅಂತ. ಸಾಕು ಅಂತ.”

“ಹೂಂ, ಎತ್ಬಿಡಿ ಅಂದೆ. ಎರಡಿಂಚು!”

“ಎರಡಿಂಚಾ?”

“ಮತ್ತಿನ್ನೇನು? ಕೆತ್ತಿದ್ ಜಾಗಕ್ಕೆ ಹಲಗೆ ಕೊಟ್ಟು ಎರಡಿಂಚು ಮೇಲೆ ಎತ್ತಿ, ಇವತ್ತಿಗೆ ಅಷ್ಟು ಕೆಲ್ಸ ಸಾಕು ಅಂತ.”

ಬೈರೇಶ್ ಗೋಡೆಗೆ ಒರಗಿದ. ಅವನ ಕಸುಬಿನಲ್ಲಿ ಆ ಮಾತಿಗೆ ಒಂದೇ ಅರ್ಥ. ಬೋರ್‌ವೆಲ್ ಬತ್ತಿದರೆ, ಇನ್ನು ಆಸೆ ಇಲ್ಲ ಅಂತಾದರೆ, ಮನೆಯವರು ಅವನನ್ನು ಕರೆದು ಹೇಳುತ್ತಿದ್ದರು, ಮೋಟರ್ ಎತ್ಬಿಡಪ್ಪ, ಸಾಕು. ಅವನು ಮೋಟರನ್ನು ಪೂರ್ತಿ ಹೊರಗೆ ಎಳೆದು ತರುತ್ತಿದ್ದ. ಅಲ್ಲಿಗೆ ಆ ಹೊಲದ ಸಂಬಂಧ ಮುಗಿಯಿತು.

“ನಾನು... ಎಲ್ಲಾ ಮುಗೀತು ಅಂದ್ಕೊಂಡೆ,” ಅಂದ ಮೆಲ್ಲಗೆ. “ದೋಣಿ ಆಸೆ ಬಿಟ್ರಿ ಅಂತ. ನನ್ನನ್ನೂ...”

“ನಿಮ್ಮನ್ನೂ?”

ಅವನು ಎಂಜಿನ್ನಿಗೆ ಸುತ್ತಿದ್ದ ಪಂಚೆ ತೆಗೆದು ಮಡಚಿದ. ಪ್ರಮೋದಾಗೆ ನಗು ಬಂತು, ನಗುವಿನ ಜೊತೆಗೇ ಅಳು ಬಂತು. ಎರಡನ್ನೂ ದುಪಟ್ಟದಲ್ಲಿ ಒರೆಸಿಕೊಂಡಳು.

“ಫ್ಯಾನು ನೀವು ಹೇಳಿದ್ದೇ ಸರಿ. ಮೊನ್ನೆ ಅಂದ ಮಾತಿಗೆ ತಪ್ಪಾಯ್ತು.”

“ಎತ್ತರ ನೀವು ಹೇಳಿದ್ದೇ ಸರಿ ಇರ್ಬೋದು. ಎಲ್ಲಿ ಗಾಳಿ ಕುಡಿದು ಸುಟ್ಟೋಗುತ್ತೋ ಅಂತ ಇಳಿಸ್ತಾನೇ ಹೋದೆ. ಭಯ ನಂಗೆ.”

“ಲೋ, ಮಾತು ಸಾಕು,” ಹೊರಗಿನಿಂದ ಮುನಿತಾಯಮ್ಮ ಕೂಗಿದರು. “ಡಿಕ್ಕಿ ತೆಗ್ದು ಕಬ್ಬಿಣ ಇಡೋ. ಸಂಜೆ ಪರೀಕ್ಷೆ ಅಂತಿದ್ದೆ.”

*

ಹಲಗೆ ಕೊಟ್ಟು ಎಂಜಿನ್ ಕೂರಿಸಿದರು. ಫ್ಯಾನಿನ ಮೇಲಿರುವ ಅಗಲದ ತಗಡು ದೋಣಿಯ ತಳದ ಮಟ್ಟಕ್ಕೆ ಬರಬೇಕು. ಒಂದು ನೇರ ಕೋಲು ಹಿಡಿದು ಅವಳು ಒಂದು ಕಡೆಯಿಂದ, ಅವನು ಇನ್ನೊಂದು ಕಡೆಯಿಂದ ನೋಡಿದರು.

“ಒಂಚೂರು ಇಳಿಸ್ಲಾ?” ಅವನು ಕೇಳಿದ.

“ಬೈರೇಶ್.”

“ಬೇಡ ಬಿಡಿ.”

ಏರಿಯ ಮೇಲೆ ಊರೇ ನೆರೆದಿತ್ತು. ಐದು ಹೆಂಗಸರು ಹತ್ತಿದರು, ಹೂವಿನ ಗಂಟುಗಳೂ ಹತ್ತಿದವು. ಆರನೆಯವಳಾಗಿ ಬರಬೇಕಿದ್ದ ಲಕ್ಕಮ್ಮ ದೋಣಿ ಅಲುಗಿದ್ದು ಕಂಡು ಹಿಂದೆ ಸರಿದಳು. “ನಮ್ಮನೇಲಿ ಸಣ್ಣ ಮಕ್ಕಳವೆ ಕಣ್ರವ್ವ. ನಾನ್ ಒಲ್ಲೆ.”

“ಆರು ಅಂದ್ರೆ ಆರು,” ಅಂದ ಭಾನುಪ್ರಕಾಶ್. “ಐದಕ್ಕೆ ನಾನು ಒಪ್ಪಲ್ಲ.”

ಯಾರೂ ಮುಂದೆ ಬರಲಿಲ್ಲ. ಪ್ರಮೋದಾ ಏರಿಯುದ್ದಕ್ಕೂ ನೋಡಿದಳು. ಇಷ್ಟು ದೂರ ಬಂದು ಒಬ್ಬರಿಗೋಸ್ಕರ ನಿಲ್ಲಬೇಕಾ...

ಬೈರೇಶ್ ಚಪ್ಪಲಿ ಬಿಟ್ಟು ನೀರಿಗೆ ಕಾಲಿಟ್ಟ. ಹತ್ತಿ ಕೂತು, ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಅವಳು ದಾರ ಎಳೆದಳು. ಎಂಜಿನ್ ಗುಟುರು ಹಾಕಿತು, ಅರಚಲಿಲ್ಲ, ಏದುಸಿರೂ ಬಿಡಲಿಲ್ಲ. ಮೂಗು ಒಂದು ಕ್ಷಣ ಮೇಲೆದ್ದು ಸಮನಾಯಿತು. ಎಂಜಿನ್ನಿನ ಪಕ್ಕದಿಂದ, ಅದನ್ನು ತಣ್ಣಗಿಡುವ ನೀರಿನ ಸಣ್ಣ ಧಾರೆ ಬಿಡದೆ ಸುರಿಯುತ್ತಿತ್ತು, ಅದು ನೀರೇ ಕುಡಿಯುತ್ತಿದೆ ಎಂಬುದಕ್ಕೆ ಸಾಕ್ಷಿ. ಆಚೆ ದಡ ಹತ್ತಿರ ಬಂತು. ಮುಟ್ಟಿತು. ತಿರುಗಿತು. ಹೆಂಗಸರು ತಮ್ಮ ಪಾಡಿಗೆ ಸೊಸೆಯರ ಮಾತು ಶುರುಮಾಡಿದ್ದರು. ಅವಳ ಬೆನ್ನಿಗೆ ಒಂದು ಹನಿಯೂ ಬೀಳಲಿಲ್ಲ.

ದಡಕ್ಕೆ ಬಂದಾಗ ಭಾನುಪ್ರಕಾಶ್ ಬಗ್ಗಿ ದೋಣಿಯ ತಳ ಮುಟ್ಟಿ ನೋಡಿದ. ಒಣಗಿತ್ತು. “ಸೋಮವಾರದಿಂದ ಓಡ್ಸಮ್ಮ,” ಅಂದು, ರಾಮಾಂಜಿನಪ್ಪನ ಬೆನ್ನು ತಟ್ಟಿ ಏರಿ ಹತ್ತಿದ. ಹೆಂಗಸರು ಗಂಟು ಹೊತ್ತು ಅವನ ಹಿಂದೆ ಹೋದರು.

ಬೈರೇಶ್ ಮಾತ್ರ ಕೂತೇ ಇದ್ದ. ಅಂಚು ಹಿಡಿದ ಬೆರಳು ಬೆಳ್ಳಗಾಗಿದ್ದವು.

“ಮುಗೀತು. ಇಳೀರಿ.”

“ಒಂದ್ ನಿಮಿಷ. ಕಾಲು ನನ್ ಮಾತು ಕೇಳ್ತಿಲ್ಲ.”

ಅವಳು ಅವನ ಎದುರು ಕೂತು ಮುಖ ನೋಡಿದಳು. “ಈಜು ಬರಲ್ವಾ?”

“ಬರಲ್ಲ. ನಾನು ನೋಡಿದ್ ನೀರೆಲ್ಲಾ ಪೈಪ್‌ನಲ್ಲಿ ಬಂದಿದ್ದು.”

“ಮತ್ಯಾಕ್ ಹತ್ತಿದ್ರಿ?”

“ಒಬ್ರು ಕಮ್ಮಿ ಇದ್ರಲ್ಲ.”

“ಅಷ್ಟೇನಾ?”

ಅವನು ನೀರು ನೋಡಿದ. ಏರಿ ನೋಡಿದ. ಕೊನೆಗೆ ಅವಳನ್ನು ನೋಡಿದ.

“ಅಷ್ಟೇ ಅಲ್ಲ. ನೀವು ಓಡಿಸೋದಾದ್ರೆ ಮುಳುಗಿದ್ರೂ ಪರವಾಗಿಲ್ಲ ಅನ್ಸ್ತು. ನೀವಂದ್ರೆ ನಂಗೆ... ಅಷ್ಟು ಇಷ್ಟ.”

ಪ್ರಮೋದಾಳ ಎದೆಯಲ್ಲಿ ಏನೋ ಸಮನಾಗಿ ಕೂತಿತು. ಅವಳು ಆ ಗಟ್ಟಿ ಹಿಡಿತದಿಂದ ಒಂದೊಂದೇ ಬೆರಳನ್ನು ಬಿಡಿಸಿ ತನ್ನ ಕೈಗೆ ತಂದುಕೊಂಡಳು.

“ನಾನು ಮುಳುಗಿಸಲ್ಲ. ಈಜು ಕಲಿಸ್ತೀನಿ. ಅದಕ್ಕೂ ಮೊದ್ಲು ಇನ್ನೊಂದ್ ಕಲೀಬೇಕು.”

“ಏನು?”

“ನನ್ನನ್ನ ‘ನೀನು’ ಅನ್ನೋದು.”

ಅವನ ಕಿವಿ ಮತ್ತೆ ಕೆಂಪಾಯಿತು. ನೀರಿಗೆ ಇಳಿಯುವವನ ಹಾಗೆ ಉಸಿರು ಎಳೆದುಕೊಂಡ.

“ನೀನು ಮುಂದೆ ಇಳಿ,” ಅಂದ. “ನಾನು ನಿನ್ ಕೈ ಹಿಡ್ಕೊಂಡೇ ಬರ್ತೀನಿ.”

“ಬಾ,” ಅಂದಳು ಪ್ರಮೋದಾ.