ಕಿವಿಯಿಂದ ಆರಿಸಿದ ಲ್ಯಾಪ್‌ಟಾಪ್

ಆ ಬೆಳಿಗ್ಗೆ ಬೀದಿಯ ಆಚೆ ಬದಿಯೇ ಕಾಣದಷ್ಟು ಮಂಜು. ಸೈಕಲ್ಲಿನ ಬೆಲ್ ಮೊದಲು ಬರುತ್ತಿತ್ತು, ಸೈಕಲ್ ಆಮೇಲೆ.

"ಇವತ್ತು ನೀನೂ ನನ್ನ ಹಾಗೇ," ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟು ನಡೆಯುತ್ತಿದ್ದ ಅಜ್ಜ ನಕ್ಕರು. "ಏನೇ ಜೀರುಂಡೆ, ಯಾಕೆ ಸದ್ದೇ ಇಲ್ಲ?"

ಸದಾ ಗುಂಯ್ ಎನ್ನುವ ಹುಡುಗಿಗೆ ಅಜ್ಜನೇ ಇಟ್ಟ ಹೆಸರು ಅದು. ಇವತ್ತು ಲ್ಯಾಪ್‌ಟಾಪ್ ತರಲು ಹೊರಟಿದ್ದರೂ ಅವಳ ಬಾಯಿಗೆ ಬೀಗ ಬಿದ್ದಿತ್ತು.

ಅಜ್ಜ ಮೊದಲು ರೈಲ್ವೆಯಲ್ಲಿದ್ದರು. ನಿಂತ ರೈಲಿನ ಚಕ್ರಗಳನ್ನು ಸುತ್ತಿಗೆಯಿಂದ ತಟ್ಟುತ್ತಾ ಹೋಗಿ, ಸದ್ದು ಕೇಳಿಯೇ ಯಾವುದು ಗಟ್ಟಿ, ಯಾವುದಕ್ಕೆ ಬಿರುಕು ಎಂದು ಹೇಳುವುದು ಅವರ ಕೆಲಸ. ಈಗ ಕಣ್ಣು ಕಾಣುವುದಿಲ್ಲ. ದೇವರು ಕಣ್ಣಿನ ಪಾಲನ್ನೂ ಕಿವಿಗೇ ಬಡಿಸಿದ್ದಾನೆ ಎನ್ನುತ್ತಾರೆ. ಆ ಚಕ್ರಗಳ ಕತೆಗಳನ್ನು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದಾರೆ. ಟೈಪ್ ಮಾಡಿದ್ದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ.

ಮನೆಯ ಡೆಸ್ಕ್‌ಟಾಪಿಗೋ ಮನಸ್ಸಾದರೆ ದುಡಿಮೆ, ಬೇಡವಾದರೆ ನಿದ್ದೆ. ಬರೆಯುತ್ತಿದ್ದ ಹಾಗೇ ಆಫ್ ಆಗಿಬಿಡುತ್ತಿತ್ತು. ಮಂಗಳವಾರವೂ ಆಯಿತು. ಸೇವ್ ಮಾಡದ ಎರಡು ಪುಟ ಹೋಯಿತು.

ಆದರೆ ಮಂಗಳವಾರ ಅದು ತಾನಾಗಿ ಆಫ್ ಆಗಿರಲಿಲ್ಲ. ಮೇಜಿನಡಿ ರಬ್ಬರ್ ಹುಡುಕುತ್ತಿದ್ದ ಜೀರುಂಡೆಯ ಕಾಲು ವೈರಿಗೆ ಸಿಕ್ಕಿ ಪ್ಲಗ್ ಕಿತ್ತುಬಂದಿತ್ತು.

"ಅಯ್ಯೋ, ಮತ್ತೆ ತಾನೇ ಆಫ್ ಆಯ್ತು ಅಜ್ಜಾ!" ಎಂದಿದ್ದಳು.

"ಪಾಪ, ಅದಕ್ಕೂ ವಯಸ್ಸಾಯ್ತು," ಎಂದಿದ್ದರು ಅಜ್ಜ.

ಅಂದಿನಿಂದ ಆ 'ಪಾಪ' ಅವಳ ಕಿವಿಯಲ್ಲೇ ಗುಂಯ್‌ಗುಡುತ್ತಿತ್ತು.

ಅಂಗಡಿಯಲ್ಲಿ ಸಾಲಾಗಿ ತೆರೆದಿಟ್ಟ ಲ್ಯಾಪ್‌ಟಾಪುಗಳು. ಒಂದರಲ್ಲಿ ಸಮುದ್ರ, ಒಂದರಲ್ಲಿ ಬೆಟ್ಟ, ಒಂದರ ತುಂಬ ನಕ್ಷತ್ರ. ಜೀರುಂಡೆಗೆ ಯಾರದೋ ಕನಸಿನೊಳಗೆ ಕಾಲಿಟ್ಟ ಹಾಗಾಯಿತು.

"ಇದು ನೋಡಿ ಅಜ್ಜಾವ್ರೇ, ಸ್ಕ್ರೀನ್ ಅಂದ್ರೆ ಸ್ಕ್ರೀನ್!" ಎಂದ ಅಂಗಡಿಯವನು.

"ನನಗ್ಯಾಕಪ್ಪಾ ಸ್ಕ್ರೀನು? ಬೋಳು ತಲೆಗೆ ಬಾಚಣಿಗೆ ಕೊಟ್ಟ ಹಾಗೆ. ಮಾತಾಡ್ಸು ಅದನ್ನ."

ಸಮುದ್ರದ ಲ್ಯಾಪ್‌ಟಾಪ್ ಡಬ್ಬಿಯೊಳಗೆ ಕೂತವರ ಹಾಗೆ ಮಾತಾಡಿತು. ನಕ್ಷತ್ರದ್ದು ಜೀರುಂಡೆಗೆ ತುಂಬ ಇಷ್ಟವಾಯಿತು. ಆದರೆ ಅದರ ಕೀಲಿಗಳು ಚಪ್ಪಟೆ. ಅಜ್ಜನ ಬೆರಳುಗಳು ದಾರಿ ತಪ್ಪಿ ಅಲೆದವು. ಅವಳು ನಕ್ಷತ್ರಗಳಿಂದ ಕಣ್ಣು ಕಿತ್ತು ಅಜ್ಜನ ಕೈಯನ್ನು ಬೆಟ್ಟದ ಲ್ಯಾಪ್‌ಟಾಪಿನ ಮೇಲಿಟ್ಟಳು. ಅಲ್ಲಿ ಎರಡು ಕೀಲಿಗಳ ಮೇಲೆ ಪುಟ್ಟ ಉಬ್ಬು. ಬೆರಳುಗಳು ಮನೆ ಸೇರಿದ ಹಾಗೆ ನಿಂತವು. ಅಂಗಡಿಯವನು ಹಾಕಿದ ಪುಟವನ್ನು ಅದು ಸ್ಪಷ್ಟವಾಗಿ ಓದತೊಡಗಿತು. ಅಜ್ಜ ಅದನ್ನು ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು.

"ತಟ್ಟಿ ತಗೊಳ್ಳೋಕೆ ಇದೇನು ಮಡಕೆನಾ?" ಎಂದ ಅಂಗಡಿಯವನು.

"ಮೂವತ್ತು ವರ್ಷ ರೈಲನ್ನೇ ತಟ್ಟಿ ಕಳಿಸಿದೀನಿ ಕಣಪ್ಪಾ. ಇದೇ ಗಟ್ಟಿ."

"ಬ್ಯಾಟರಿನೂ ಅಷ್ಟೇ ಗಟ್ಟಿ. ನೋಡಿ," ಎಂದು ಅವನು ಪ್ಲಗ್ ಕಿತ್ತ. ಕಟಕ್!

ಜೀರುಂಡೆ ಬೆಚ್ಚಿದಳು. ಲ್ಯಾಪ್‌ಟಾಪ್ ಓದುತ್ತಲೇ ಇತ್ತು.

ಅಜ್ಜ ಆ ಸದ್ದಿಗೆ ತಲೆ ವಾಲಿಸಿದರು. "ಒಳ್ಳೇದಾಯ್ತು. ಇನ್ಮೇಲೆ ಮೇಜಿನಡಿ ಯಾರು ರಬ್ಬರ್ ಹುಡುಕಿದ್ರೂ ಭಯವಿಲ್ಲ."

ಅವಳ ಕಿವಿ ಬಿಸಿಯಾಯಿತು. ಹಾಗಾದರೆ ಮಂಗಳವಾರದಿಂದಲೂ ಅಜ್ಜನಿಗೆ ಗೊತ್ತಿತ್ತು! ಅವರ ಕೈ ಮತ್ತೆ ಅವಳ ಹೆಗಲಿಗೆ ಬಂತು. ಅದರ ಭಾರ ಒಂದಿಷ್ಟೂ ಹೆಚ್ಚಾಗಿರಲಿಲ್ಲ.

ಮಧ್ಯಾಹ್ನ ಅಜ್ಜ ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದರು. ಜೀರುಂಡೆ ಹೊಸ ಲ್ಯಾಪ್‌ಟಾಪ್ ತೆರೆದಳು. ಮಂಗಳವಾರ ಮೇಜಿನಡಿ ಕೂತು ಆ ಎರಡು ಪುಟಗಳನ್ನು ಅವಳು ಕೇಳಿದ್ದಳು. ಉದ್ದದ ರೈಲು, ಟಣ್ ಎನ್ನದ ಒಂಬತ್ತನೆಯ ಚಕ್ರ, ನಂಬದ ಗಾರ್ಡ್... ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿದಳು. ನೆನಪಾಗದ ಕಡೆ ಜಾಗ ಬಿಟ್ಟಳು. ಸಾಲು ಸಾಲಿಗೂ ಸೇವ್ ಮಾಡಿದಳು.

ಬಿಸಿಲು ಕಿಟಕಿ ದಾಟುವ ಹೊತ್ತಿಗೆ ಅಜ್ಜ ಕೆಮ್ಮಿ ಎದ್ದರು. ಅವಳು ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮಡಿಲಲ್ಲಿಟ್ಟಳು.

"ಮಂಗಳವಾರದ್ದು," ಎಂದಳು.