ಹನ್ನೊಂದು ಒಂದುಗಳು

ಇಪ್ಪತ್ತೆರಡು ವರ್ಷ ಗಣಿತ ಹೇಳಿಕೊಟ್ಟರೂ ಮೇಷ್ಟರು ಸಂಪಾದಿಸಿದ್ದು ‘ಗೈಡ್ ಮೇಷ್ಟ್ರು’ ಎಂಬ ಅಡ್ಡಹೆಸರು ಮಾತ್ರ. ಗೈಡಿನಲ್ಲಿಲ್ಲದ ಲೆಕ್ಕ ಬಂದರೆ ಅವರು ಬೆವರುತ್ತಾರೆಂದು ಮಕ್ಕಳಿಗೂ ಗೊತ್ತಿತ್ತು. ಅಂಥವರ ಮುಂದೆ, ನಾಲ್ಕನೇ ತರಗತಿಗೇ ಶಾಲೆ ಬಿಟ್ಟ ಭಾವ, ಹಿಟ್ಟು ಮೆತ್ತಿದ ಕೈಯಲ್ಲಿ ದಪ್ಪ ನೋಟ್‌ಬುಕ್ಕೊಂದನ್ನು ತಂದಿಟ್ಟರು.

ಗಣಿತದ ಪತ್ರಿಕೆಯೊಂದು ಗಡುವಿಲ್ಲದ ಸವಾಲು ಹಾಕಿತ್ತು. ಸಾಲಾಗಿ ಹನ್ನೊಂದು ಒಂದುಗಳನ್ನು ಬರೆದರೆ ಆಗುವ ಸಂಖ್ಯೆ, ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಾದರೂ ನಿಶ್ಶೇಷವಾಗಿ ಭಾಗವಾಗುತ್ತದೆಯೇ? ಕೈಯಲ್ಲೇ ಮಾಡಿ, ಮಾಡಿದ್ದನ್ನೆಲ್ಲ ಕಳಿಸಬೇಕು. ಭಾವ ತಮ್ಮ ಗಿರಣಿಯಲ್ಲಿ, ಒಬ್ಬರ ಕಾಳು ಹಿಟ್ಟಾಗುವಷ್ಟರಲ್ಲಿ ಒಂದು ಭಾಗಾಕಾರದಂತೆ, ಎರಡು ವರ್ಷ ಕೂತಿದ್ದರು. ಮೂರು, ಏಳು, ಹನ್ನೊಂದು ಎಂದು ಬೇರೆ ಯಾವುದರಿಂದಲೂ ಒಡೆಯದ ಸಂಖ್ಯೆಗಳನ್ನೇ ಹಿಡಿದು ಏರುತ್ತ ಹೋಗಿ, ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತರಲ್ಲಿ ಸೊನ್ನೆ ಕಂಡಿದ್ದರು.

“ನೀನು ಓದಿದವನು. ತಪ್ಪಿದ್ರೆ ಈಗ್ಲೇ ಹೇಳಪ್ಪ. ನಿಮ್ಮಕ್ಕ ಆಗ್ಲೇ ನನ್ನ ‘ಒಂದರ ಹುಚ್ಚ’ ಅಂತಾಳೆ.”

ಲೆಕ್ಕ ಸರಿಯಿತ್ತು. ಮೇಷ್ಟರು ಎರಡು ಸಲ ಗುಣಿಸಿ ನೋಡಿದರು. ಆಮೇಲೆ ನಲವತ್ತು ದಿನ ಬಾಗಿಲು ಹಾಕಿಕೊಂಡು ನಕಲಿಳಿಸಿದರು. ಮೂರು ಪೆನ್ನು ಬದಲಿಸಿದರು. ಅಲ್ಲಲ್ಲಿ ಚಹಾದ ಹನಿ ಬೀಳಿಸಿದರು. ತಪ್ಪೇ ಇಲ್ಲದ ದುಡಿಮೆಯನ್ನು ಯಾರು ನಂಬುತ್ತಾರೆ? ಹತ್ತು ಪುಟಕ್ಕೊಂದು ಸುಳ್ಳು ತಪ್ಪು ಬರೆದು ಅಡ್ಡಗೀಟು ಎಳೆದರು. ಗೀಟೆಳೆಯುವಾಗ ತಮ್ಮ ಕೈ ತಮಗೇ ಹೇಸಿಗೆಯೆನಿಸಿತು. ನಿಲ್ಲಿಸಲಿಲ್ಲ.

ನೋಟ್‌ಬುಕ್ ಹಿಂದಿರುಗಿಸುತ್ತ ಕೊನೆಯ ಪುಟದ ಮೇಲೆ ಬೆರಳಿಟ್ಟರು. “ಇಲ್ಲಿ ಕಳೆಯೋದ್ರಲ್ಲಿ ಎಡವಿದೀರಿ ಭಾವ. ಭಾಗ ಆಗಲ್ಲ.”

ಭಾವ ಮರುಪ್ರಶ್ನೆ ಹಾಕಲಿಲ್ಲ. ಹಾಕುವುದಿಲ್ಲವೆಂಬುದೇ ಮೇಷ್ಟರ ಯೋಜನೆಯ ಬುಡ. “ಹೋಗ್ಲಿ ಬಿಡು, ನೀರಾದ್ರೂ ಕಾಯ್ಲಿ,” ಎಂದು ನಕ್ಕು, ಅದನ್ನು ತಾವೇ ಒಲೆಗೆ ಹಾಕಿದರು. ಬೂದಿ ಸಾಕ್ಷಿ ಹೇಳುವುದಿಲ್ಲ. ಹೆಂಡತಿಯ ತಮ್ಮನ ಮಾನ ತೆಗೆಯುವ ಮನುಷ್ಯನೂ ಭಾವನಲ್ಲ. ಎಲ್ಲವೂ ಎಣಿಸಿದಂತೆಯೇ ಆಗಿತ್ತು. ಅಕ್ಕ ಊಟಕ್ಕೆ ಕರೆದರೂ ಕೂರದೆ ಮೇಷ್ಟರು ನೇರ ಅಂಚೆ ಕಚೇರಿಗೆ ಹೋಗಿ, ನಕಲನ್ನು ತಮ್ಮ ಹೆಸರಿನಲ್ಲಿ ಪತ್ರಿಕೆಗೆ ಕಳಿಸಿದರು.

ಮೂರು ತಿಂಗಳಿಗೆ ಪತ್ರಿಕೆಯ ಪ್ರೊಫೆಸರ್ ಮೇಡಂ ಸನ್ಮಾನಕ್ಕೆಂದು ಶಾಲೆಗೇ ಬಂದರು. ಭಾವ ಇಸ್ತ್ರಿ ಅಂಗಿ ತೊಟ್ಟು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಗೆದ್ದ ಸಂಖ್ಯೆ ಯಾವುದೆಂದು ಓದಿ ಹೇಳಿದಾಗ ಅವರು ಮೇಷ್ಟರನ್ನೊಮ್ಮೆ ನೋಡಿ, ತಲೆ ತಗ್ಗಿಸಿದರು. ಅಷ್ಟೆ.

ಮೇಡಂ ಮೇಷ್ಟರು ಕಳಿಸಿದ್ದ ನೋಟ್‌ಬುಕ್ ತೆರೆದು ಕುತೂಹಲದಿಂದ ಕೇಳಿದರು: “ಹತ್ತು ಸಾವಿರದ ಒಂದರಿಂದ ಯಾಕೆ ಭಾಗಿಸಿದ್ರಿ ಮೇಷ್ಟ್ರೇ? ಎಪ್ಪತ್ಮೂರನ್ನ ನೂರ ಮೂವತ್ತೇಳರಿಂದ ಗುಣಿಸಿದ್ರೆ ಅದೇ ತಾನೇ? ಅವೆರಡರಿಂದ್ಲೂ ಆಗ್ಲೇ ಭಾಗಿಸಿ ನೋಡಿದೀರಲ್ಲ.” ಅಷ್ಟೊಂದು ಸುಳ್ಳು ತಪ್ಪುಗಳ ನಡುವೆ ಒಂದು ನಿಜವಾದ ತಪ್ಪನ್ನು ಮೇಷ್ಟರು ಕಂಡೇ ಇರಲಿಲ್ಲ. ಮಕ್ಕಳು ಕಿಸಕ್ಕೆಂದರು. ಬೆವರತೊಡಗಿದ ಬಾಮೈದನನ್ನು ಭಾವನಿಂದ ನೋಡಲಾಗಲಿಲ್ಲ; ಕೈಮುಗಿದು ಎದ್ದು ನಿಂತರು. “ನಗಬೇಡ್ರಪ್ಪಾ. ಮೇಡಂ, ಅವನನ್ನ ಏನೂ ಅನ್ಬೇಡಿ, ಅವನು ಓದಿದವನು, ಇಂಥ ತಪ್ಪು ಮಾಡೋನಲ್ಲ. ಅದು ಒಡೆಯಲ್ಲ ಅಂದ್ಕೊಂಡವನು ನಾನು. ಅದ್ರಿಂದ ಭಾಗಿಸಿದಾಗ ನೂರ ಹನ್ನೊಂದು ಉಳಿದಿತ್ತು, ನೋಡಿ.” ಮೇಡಂ ಪುಟದ ಮೇಲೆ ಬೆರಳಾಡಿಸಿದರು. ಮೇಷ್ಟರ ದುಂಡು ಅಕ್ಷರದಲ್ಲಿ, ನೂರ ಹನ್ನೊಂದೇ ಉಳಿದಿತ್ತು.